ಹಳೆಯ ಕಾರಿನ ನಂಬರ್ ಪ್ಲೇಟ್ ಪಟ್ಟಿಗೆ ಹೊರಗಿನಿಂದ ಸ್ಕ್ರೂ ಹೊಡೆಸಬೇಡಿ

ಕರಾವಳಿಯಲ್ಲಿ ಹಳೆಯ ಯುರೋಪಿಯನ್ ಕಾರು ಇಟ್ಟುಕೊಂಡಿರುವವರು, ಅದರಲ್ಲೂ ಡಿಕ್ಕಿಯ ಮುಚ್ಚಳದ ಮೇಲೆ ನಂಬರ್ ಪ್ಲೇಟಿನ ನೆತ್ತಿಗೆ ಬರುವ ಪ್ಲಾಸ್ಟಿಕ್ ಪಟ್ಟಿಯನ್ನು ಬದಲಿಸಬೇಕೆಂದಿರುವವರು, ಕೆಲಸಕ್ಕೆ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ನೋಡುವುದಕ್ಕೆ ಇದು ಸಣ್ಣ ಕೆಲಸ. ಆದರೆ ಮಂಗಳೂರಿನ ಒಂದು ಆಕ್ಸೆಸರೀಸ್ ಅಂಗಡಿಯವರು ಅದನ್ನು ಮಾಡಿಕೊಟ್ಟ ರೀತಿಯಿಂದಾಗಿ ನನ್ನ ಕಾರಿನ ಡಿಕ್ಕಿ ಮುಚ್ಚಳ ಒಂದೇ ಮಳೆಗಾಲದಲ್ಲಿ ಒಳಗಿನಿಂದ ತುಕ್ಕು ಹಿಡಿಯಿತು, ಹಿಂದಿನ ದೀಪಗಳು ಕೆಟ್ಟವು, ಸರಿಯಾಗಿದ್ದ ನಂಬರ್ ಪ್ಲೇಟೂ ನಿಯಮಬಾಹಿರವಾಯಿತು.

ಕಾರು 1996ರ ಮರ್ಸಿಡಿಸ್ ಇ-220. ಆಗ ಪುಣೆಯಲ್ಲಿ ಜೋಡಣೆಯಾಗುತ್ತಿದ್ದ ಡಬ್ಲ್ಯು-124 ಮಾದರಿ. ಡಿಕ್ಕಿ ಎತ್ತುವ ಹಿಡಿಕೆ ಮತ್ತು ಪ್ಲೇಟಿನ ಮೇಲೆ ಬೆಳಕು ಬೀಳಿಸುವ ಸಣ್ಣ ದೀಪಗಳು ಈ ಪಟ್ಟಿಯಲ್ಲೇ ಇರುವುದರಿಂದ ಇದನ್ನು ಬರೀ ಅಲಂಕಾರದ ತುಂಡೆಂದು ಭಾವಿಸಬಾರದು. ಪಟ್ಟಿಯ ಬೆನ್ನಿಗೆ ತಿರುಪಿರುವ ಸಣ್ಣ ಕಡ್ಡಿಗಳಂಥ ಸ್ಟಡ್‌ಗಳಿರುತ್ತವೆ. ಅವು ಮುಚ್ಚಳದ ತಗಡಿನಲ್ಲಿ ಕಾರ್ಖಾನೆಯೇ ಮಾಡಿ ಬಣ್ಣ ಹಚ್ಚಿಟ್ಟ ತೂತುಗಳ ಮೂಲಕ ಒಳಹೊಕ್ಕು, ಡಿಕ್ಕಿಯ ಒಳಗಿನಿಂದ ಹಾಕುವ ನಟ್‌ಗಳಿಂದ ಬಿಗಿಯಾಗುತ್ತವೆ. ನಡುವೆ ನೀರು ತಡೆಯುವ ಮೆತ್ತೆ ಇರುತ್ತದೆ. ಇಷ್ಟು ವರ್ಷ ಬಿಸಿಲು ಉಂಡ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ನನ್ನದರಲ್ಲಿ ಒಂದು ಸ್ಟಡ್ ಬುಡಸಮೇತ ಕಿತ್ತು ಬಂದಿತ್ತು. ಹಳೆಯ ಪಟ್ಟಿಯನ್ನು ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ, ಎಪಾಕ್ಸಿ ಅಂಟಿನಿಂದ ಬುಡ ಕಟ್ಟಿ ಹೊಸ ಸ್ಟಡ್ ಕೂರಿಸಬಹುದು. ಅಂಗಡಿಯವರು ಆ ದಾರಿಯನ್ನು ಹೇಳಲೇ ಇಲ್ಲ, ಡೂಪ್ಲಿಕೇಟ್ ಪಟ್ಟಿಯೊಂದನ್ನು ತರಿಸಿದರು.

ಕಾರು ಬಿಟ್ಟು ಬರುವಾಗ, ಒಳಗಿನ ಹೊದಿಕೆ ಬಿಚ್ಚಿ ನಟ್ ಹಾಕಿಯೇ ಪಟ್ಟಿಯನ್ನು ಕೂರಿಸಬೇಕೆಂದು ಸ್ಪಷ್ಟವಾಗಿ ಹೇಳಿದ್ದೆ. ಅವರು ಮಾಡಿದ್ದೇ ಬೇರೆ. ಡೂಪ್ಲಿಕೇಟ್ ಪಟ್ಟಿಯ ಸ್ಟಡ್‌ಗಳು ತೂತುಗಳಿಗೆ ಸರಿಯಾಗಿ ಸೇರದಿದ್ದಾಗ ಅವನ್ನು ಕತ್ತರಿಸಿ ಹಾಕಿ, ಪಟ್ಟಿಯ ಮೇಲಿನಿಂದಲೇ ಡ್ರಿಲ್ ಮಾಡಿ, ತಗಡಿಗೆ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಡೆದು, ಸುತ್ತಲೂ ಸಿಲಿಕೋನ್ ಮೆತ್ತಿದ್ದರು. ಕೇಳಿದಾಗ ಬಂದ ಉತ್ತರ: “ಎಂತದೂ ಆಗುವುದಿಲ್ಲ ಸರ್, ಗಟ್ಟಿ ಕೂತಿದೆ.” ಗಟ್ಟಿ ಕೂತಿತ್ತು, ನಿಜ. ಆದರೆ ಪಟ್ಟಿ ಅಲುಗಾಡದಿರುವುದಕ್ಕಿಂತ ತಗಡಿಗೆ ಗಾಯವಾಗದಿರುವುದು ಮುಖ್ಯ ಎಂಬುದು ಈ ಊರಿನಲ್ಲಿ ಕಾರಿನ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಪಣಂಬೂರಿನಿಂದ ಉಳ್ಳಾಲದವರೆಗೆ ಗಾಳಿಯಲ್ಲೇ ಉಪ್ಪಿರುವ ಜಾಗ ಇದು. ಡ್ರಿಲ್ ಮಾಡಿದ ತೂತಿನ ಅಂಚಿನಲ್ಲಿ ಬಣ್ಣವೂ ಇಲ್ಲ, ಪ್ರೈಮರೂ ಇಲ್ಲ. ಅಲ್ಲಿ ಬರಿಯ ಉಕ್ಕು ನೀರಿಗೂ ಉಪ್ಪಿಗೂ ತೆರೆದುಕೊಂಡಿರುತ್ತದೆ.

ಸಿಲಿಕೋನ್ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ರಕ್ಷಣೆಯೆಂದೇ ಹೆಚ್ಚಿನವರು ನಂಬಿದ್ದಾರೆ. ಬಾತ್‌ರೂಮು, ಗಾಜಿನ ಕೆಲಸಗಳಿಗೆ ಬಳಸುವ ಅಗ್ಗದ ಸಿಲಿಕೋನ್ ಸಾಮಾನ್ಯವಾಗಿ ಒಣಗುವಾಗ ಅಸೆಟಿಕ್ ಆಮ್ಲ ಬಿಡುತ್ತದೆ. ವಿನೆಗರಿನ ಘಾಟು ಬಂದರೆ ಅದೇ ಬಗೆಯದೆಂದು ತಿಳಿಯಿರಿ. ಬಣ್ಣ ಹೋದ ಉಕ್ಕಿಗೆ ಈ ಆಮ್ಲ ತಾಗಿದರೆ ತುಕ್ಕು ಬೇಗ ಶುರುವಾಗುತ್ತದೆ. ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ಬೇರೆಯೇ ಸಿಗುತ್ತದೆ. ಆದರೆ ಯಾವುದನ್ನೇ ಬಳಸಿದರೂ ಪಟ್ಟಿಯ ಕೆಳ ಅಂಚನ್ನು ಪೂರ್ತಿ ಮುಚ್ಚಬಾರದು. ಮೇಲಿನಿಂದ ಹೇಗೋ ಒಳಸೇರುವ ನೀರು ಕೆಳಗಿನಿಂದ ಇಳಿದುಹೋಗಬೇಕು. ನನ್ನ ಕಾರಿನಲ್ಲಿ ನಾಲ್ಕೂ ಬದಿ ಮುಚ್ಚಿದ್ದರಿಂದ ನೀರು ಪಟ್ಟಿಯ ಹಿಂದೆಯೇ ನಿಂತಿತು, ಹೊಸ ತೂತುಗಳ ಮೂಲಕ ಮುಚ್ಚಳದ ಒಳಕ್ಕೆ ಜಿನುಗಿ ಡಿಕ್ಕಿಯ ಕಾರ್ಪೆಟ್ಟಿಗೂ ಸ್ಟೆಪ್ನಿ ಇಡುವ ಗುಂಡಿಗೂ ಇಳಿಯಿತು.

ಮೊದಲು ಗಮನಕ್ಕೆ ಬಂದದ್ದು ತುಕ್ಕಲ್ಲ, ದೀಪ. ನಂಬರ್ ಪ್ಲೇಟಿನ ದೀಪವೂ ಅದೇ ಫ್ಯೂಸಿನಲ್ಲಿದ್ದ ಒಂದು ಬದಿಯ ಹಿಂದಿನ ದೀಪವೂ ಒಟ್ಟಿಗೆ ಆರಿದವು, ಹೊಸ ಫ್ಯೂಸ್ ಹಾಕಿದರೆ ಅದೂ ಸುಟ್ಟಿತು. ಉಡುಪಿಯಲ್ಲಿ ಹಳೆಯ ಕಾರುಗಳ ಟಿಂಕರಿಂಗ್ ಮಾಡುವ ಹಿರಿಯರೊಬ್ಬರು ಹೊದಿಕೆ ಬಿಚ್ಚಿ ಟಾರ್ಚ್ ಹಿಡಿದಾಗ ಕಾರಣ ಕಣ್ಣೆದುರಿಗೇ ಇತ್ತು. ಸ್ಕ್ರೂವಿನ ಮೊನೆ ತಗಡನ್ನು ದಾಟಿ ಬಂದು ವೈರಿನ ಪ್ಲಾಸ್ಟಿಕ್ಕನ್ನು ಸೀಳಿತ್ತು. ತಾಮ್ರದ ಎಳೆಗಳು ಹಸಿರು ಹಿಡಿದಿದ್ದವು. ಪ್ರತಿ ತೂತಿನ ಸುತ್ತ ಡ್ರಿಲ್ಲಿನ ಲೋಹದ ಸುರುಳಿ ಹಾಗೆಯೇ ಅಂಟಿಕೊಂಡಿತ್ತು, ಅಲ್ಲಿಂದ ಕಂದು ಗೆರೆಗಳು ಮುಚ್ಚಳದ ಕೆಳ ಅಂಚಿನವರೆಗೆ ಇಳಿದಿದ್ದವು. ಹೊರಗಿನಿಂದ ನೋಡಿದರೆ ಬಣ್ಣ ಆಗಲೂ ಹೊಳೆಯುತ್ತಿತ್ತು. ರಾತ್ರಿ ಹೆದ್ದಾರಿ 66ರಲ್ಲಿ ಲಾರಿಗಳ ಮುಂದೆ ಒಂದೇ ಹಿಂದೀಪದಲ್ಲಿ ಓಡಾಡುವುದು ಎಷ್ಟು ಅಪಾಯವೆಂದು ಈ ರಸ್ತೆ ಬಲ್ಲವರಿಗೆ ವಿವರಿಸಬೇಕಿಲ್ಲ. ಪ್ಲೇಟಿನ ದೀಪವೂ ಐಚ್ಛಿಕವಲ್ಲ: ಹಿಂದಿನಿಂದ 15 ಮೀಟರ್ ದೂರಕ್ಕೆ ನಂಬರ್ ಓದುವಂತೆ ಬೆಳಕಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ.

ನಂಬರ್ ಪ್ಲೇಟಿನ ಕಥೆ ಇನ್ನೂ ಬೇಸರದ್ದು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್ಎಸ್ಆರ್‌ಪಿ ಕಡ್ಡಾಯವೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿದ ಬಳಿಕ ನಾನು ಅದನ್ನು ಹಾಕಿಸಿದ್ದೆ. ಅದರ ಸ್ನ್ಯಾಪ್ ಲಾಕ್ ಒಮ್ಮೆ ಕೂತರೆ ಮುರಿಯದೆ ಬಿಚ್ಚಲಾಗದು, ಬಿಚ್ಚಿದ್ದನ್ನು ಮತ್ತೆ ಬಳಸಲೂ ಆಗದು. ಅಂಗಡಿಯವರು ನನ್ನನ್ನು ಕೇಳದೆ ಆ ಲಾಕನ್ನು ಡ್ರಿಲ್ಲಿನಿಂದ ಕೊರೆದು ತೆಗೆದು, ಹೊಳೆಯುವ ಫ್ರೇಮ್ ಒಂದನ್ನು ಸೇರಿಸಿ, ಮಾಮೂಲಿ ಸ್ಕ್ರೂ ಹಾಕಿಕೊಟ್ಟಿದ್ದರು. ಫ್ರೇಮಿನ ಅಂಚು ಪ್ಲೇಟಿನ ಎಡಗಡೆ ಲೇಸರಿನಿಂದ ಕೆತ್ತಿದ ಗುರುತಿನ ಸಂಖ್ಯೆಯನ್ನು ಮುಚ್ಚಿತ್ತು. ಗ್ರಾಹಕರ ಕಾರಿನ ನೋಂದಣಿ ಫಲಕಕ್ಕೆ ಹೇಳದೆ ಕೇಳದೆ ಕೈ ಹಾಕುವುದನ್ನು ನಾನು ಸಣ್ಣ ಅಚಾತುರ್ಯವೆಂದು ಒಪ್ಪಲಾರೆ. ದೂರಿದಾಗ ಅವರು ಪಟ್ಟಿಯ ಹಣವನ್ನಷ್ಟೇ ಹಿಂದಿರುಗಿಸಲು ಮುಂದಾದರು. ಟಿಂಕರಿಂಗ್, ಬಣ್ಣ, ವೈರಿಂಗ್ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ಆದ್ದರಿಂದ ಹೊಸ ಪಟ್ಟಿಯನ್ನು ಸಿಲಿಕೋನ್, ಟೇಪು ಏನೂ ಇಲ್ಲದೆ ನಿಮ್ಮೆದುರಿಗೇ ಒಮ್ಮೆ ಇಟ್ಟು ನೋಡಲು ಹೇಳಿ. ಸ್ಟಡ್‌ಗಳು ತಾವಾಗಿ ತೂತಿಗೆ ಇಳಿಯದಿದ್ದರೆ ಕೆಲಸ ಅಲ್ಲಿಗೇ ನಿಲ್ಲಲಿ, ಪಟ್ಟಿ ವಾಪಸು ಹೋಗಲಿ. ಎಚ್ಎಸ್ಆರ್‌ಪಿ ಇನ್ನೂ ಹಾಕಿಸಿಲ್ಲವಾದರೆ ಪಟ್ಟಿಯ ಕೆಲಸ ಮೊದಲು ಮುಗಿಯಲಿ. ನಟ್ಟನ್ನು ಕೈಯಿಂದ ಬಿಗಿಯುವಷ್ಟಕ್ಕೇ ನಿಲ್ಲಿಸಬೇಕು, ಮೆಷೀನ್ ಹಿಡಿದರೆ ಪ್ಲಾಸ್ಟಿಕ್ಕಿನ ಬುಡ ಒಡೆಯುತ್ತದೆ. ಒಳಗಿನ ಹೊದಿಕೆಯನ್ನು ಮುಚ್ಚುವ ಮೊದಲೇ ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿಸಿ, ಪ್ರತಿ ನಟ್ಟಿನ ಸುತ್ತ ಒಣ ಬಟ್ಟೆ ಒತ್ತಿ ನೋಡಿ, ದೀಪಗಳನ್ನು ಹಚ್ಚಿ ನೋಡಿ, ಆಮೇಲಷ್ಟೇ ಹಣ ಕೊಡಿ.