ಕರಾವಳಿಯ ಮಳೆಗಾಲಕ್ಕೆ ಯಾವ ಪ್ರೈಮರ್? ಸ್ಪ್ರೇ, ಏರ್‌ಬ್ರಷ್, ಕುಂಚ

ಮೊದಲೇ ಹೇಳಿಬಿಡುತ್ತೇನೆ. ಮಂಗಳೂರು, ಉಡುಪಿ ಕಡೆ ಕೂತು ವಾರ್‌ಗೇಮಿನ, ಅಂದರೆ ಮೇಜಿನ ಮೇಲೆ ಆಡುವ ಯುದ್ಧದಾಟದ, ಪುಟ್ಟ ಬೊಂಬೆಗಳಿಗೆ ಬಣ್ಣ ಹಚ್ಚುವವರಿಗೆ ಕುಂಚದಲ್ಲಿ ಹಚ್ಚುವ ಪ್ರೈಮರೇ ಸರಿ. ಪ್ರೈಮರ್ ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಹಚ್ಚುವ ತಳಪದರ. ಕಂಪ್ರೆಸರಿನ ಗಾಳಿಯಿಂದ ಬಣ್ಣ ಊದುವ ಏರ್‌ಬ್ರಷ್ ಒಳ್ಳೆಯದೇ, ಆದರೆ ಖರ್ಚೂ ಜಾಸ್ತಿ, ಗಲಾಟೆಯೂ ಜಾಸ್ತಿ. ಸ್ಪ್ರೇ ಡಬ್ಬಿ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಮೂರನ್ನೂ ಒಂದೇ ಪಡೆಯ ಮೇಲೆ ನೋಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದು.

ಪಡೆ ಯಾವುದು ಅಂದರೆ, ವಾರ್‌ಹ್ಯಾಮರ್ 40,000 ಆಟದ ಆಸ್ಟ್ರಾ ಮಿಲಿಟಾರಮ್ ಸೈನ್ಯದ ಹತ್ತು ಮಂದಿ ಕೇಡಿಯನ್ ಸೈನಿಕರು. 1987ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ತಂದ ಈ ಆಟದಲ್ಲಿ ನನಗೆ ತುಂಬ ಇಷ್ಟ ಇದೇ ಸೈನ್ಯ. ಇವರು ದೈತ್ಯರಲ್ಲ, ನಮ್ಮ ಹಾಗಿನ ಸಾಮಾನ್ಯ ಮನುಷ್ಯರು. ಬೇರೆ ಬೇರೆ ಗ್ರಹಗಳಿಂದ ಬಂದ ರೆಜಿಮೆಂಟುಗಳು, ಒಂದೊಂದಕ್ಕೆ ಒಂದೊಂದು ವೇಷ. ಹಾಗಾದರೆ ಸದಾ ಮಳೆ ಹೊಯ್ಯುವ ಗ್ರಹದ ರೆಜಿಮೆಂಟ್ ಯಾಕಿರಬಾರದು? ಐದು ಮಂದಿಯ ಹೆಲ್ಮೆಟ್ ಅರೆದು ತೆಗೆದು ಅಡಿಕೆ ಹಾಳೆಯ ಮುಟ್ಟಾಳೆ ಕೂರಿಸಿದೆ. ಉಳಿದವರ ತಲೆ, ಬೆನ್ನು ಮುಚ್ಚುವಂತೆ ಗೊರಬು. ನೇಜಿ ನೆಡುವಾಗ ಹಿಂದೆಲ್ಲ ಹಾಕುತ್ತಿದ್ದರಲ್ಲ, ಅದೇ.

ಇದಕ್ಕೆ ಪುಟ್ಟಿ ಬೇಕು, ಅಂದರೆ ಹಿಟ್ಟಿನ ಹಾಗೆ ನಾದಿ ಆಕಾರ ಕೊಟ್ಟರೆ ಆಮೇಲೆ ಗಟ್ಟಿಯಾಗುವಂಥದ್ದು. ಗ್ರೀನ್ ಸ್ಟಫ್, ಎಂ-ಸೀಲ್ ಎರಡೂ ಬಳಸಿದೆ. ಗ್ರೀನ್ ಸ್ಟಫ್ ಹಳದಿ, ನೀಲಿ ಎರಡು ಪಟ್ಟಿಯಾಗಿ ಬರುತ್ತದೆ. ಹಳದಿ ರಾಳ, ನೀಲಿ ಗಟ್ಟಿಯಾಗಿಸುವ ಭಾಗ. ನಾದಿದರೆ ಹಸಿರು. ಗಟ್ಟಿಯಾದ ಮೇಲೂ ಸ್ವಲ್ಪ ಬಾಗುತ್ತದೆ, ತೆಳು ಅಂಚು ಮುರಿಯುವುದಿಲ್ಲ, ಆದರೆ ಮರಳು ಕಾಗದಕ್ಕೆ ಬಗ್ಗುವುದಿಲ್ಲ. ಎಂ-ಸೀಲ್ ಕಲ್ಲಿನಷ್ಟು ಗಟ್ಟಿ, ಚೆನ್ನಾಗಿ ಉಜ್ಜಬಹುದು, ಆದರೆ ಕಣ ದಪ್ಪ. ಹಾಗಾಗಿ ಮುಟ್ಟಾಳೆಯ ಒಳಗಿನ ಗುಪ್ಪೆ ಎಂ-ಸೀಲಿನದ್ದು, ಗೊರಬಿನ ತೆಳು ಹಾಳೆ ಗ್ರೀನ್ ಸ್ಟಫ್‌ನದ್ದು. ಗೊರಬಿನ ಮೇಲೆ ಎಲೆಯ ಸಾಲು ಸಾಲು ಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಒತ್ತಿದೆ. ಬ್ಲೇಡ್ ಅಂಟದ ಹಾಗೆ ನೀರು ಮುಟ್ಟಿಸಿದರೆ ಸಾಕು. ತೆಂಗಿನೆಣ್ಣೆ ಮುಟ್ಟಿಸಿದರೆ ಕೊನೆಗೆ ಸೋಪು ನೀರಲ್ಲಿ ತೊಳೆಯಲೇಬೇಕು, ಇಲ್ಲದಿದ್ದರೆ ಪ್ರೈಮರ್ ಹಿಡಿಯುವುದಿಲ್ಲ. ಎರಡೂ ಎಪಾಕ್ಸಿ. ನೀರು ಆರಿ ಗಟ್ಟಿಯಾಗುವಂಥವಲ್ಲ, ಎರಡು ಭಾಗ ಬೆರೆತು ಗಟ್ಟಿಯಾಗುವಂಥವು. ಹಾಗಾಗಿ ಎಷ್ಟು ಮಳೆ ಬಂದರೂ ಇವು ತಮ್ಮ ಹೊತ್ತಿಗೆ ಗಟ್ಟಿಯಾದವು.

ಪ್ರೈಮರಿನ ಕಥೆ ಹಾಗಲ್ಲ.

ಸ್ಪ್ರೇ ಡಬ್ಬಿಯೇ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಅಲುಗಾಡಿಸು, ಒಂದು ಗೇಣಿಗಿಂತ ಸ್ವಲ್ಪ ದೂರ ಹಿಡಿ, ತೆಳ್ಳಗೆ ಹಾಯಿಸು, ಮುಗಿಯಿತು. ನಾನು ಮಳೆ ಬಿಟ್ಟ ಹೊತ್ತು ನೋಡಿ, ಬಿಸಿಲು ಬಂದ ಮೇಲೆ, ತಾರಸಿಯಲ್ಲಿ ಹೊಡೆದೆ. ಹೊಡೆದ ಕೂಡಲೇ ಕಪ್ಪು ಚೆನ್ನಾಗಿಯೇ ಕಂಡಿತು. ಆರುತ್ತಾ ಬಂದ ಹಾಗೆ ಗೊರಬಿನ ಮೇಲೆ ಬಿಳಿ ಮಂಜು ಕೂತಿತು. ಅಷ್ಟೇ ಆಗಿದ್ದರೆ ಮೇಲಿಂದ ಬಣ್ಣ ಹಚ್ಚಿ ಮುಚ್ಚಬಹುದಿತ್ತು. ಆದರೆ ಬೆರಳು ಆಡಿಸಿದರೆ ರವೆ ಉದುರಿಸಿದ ಹಾಗೆ ತರಿ ತರಿ. ಬ್ಲೇಡಿನಿಂದ ಒಂದೊಂದಾಗಿ ಒತ್ತಿದ ಗೆರೆಗಳು ಅರ್ಧಕ್ಕರ್ಧ ತುಂಬಿಹೋಗಿದ್ದವು. ಸಾರ್ಜೆಂಟನ ಮುಖದಲ್ಲಿ ಕಣ್ಣು ಎಲ್ಲಿ, ಹುಬ್ಬು ಎಲ್ಲಿ ಅಂತ ಗೊತ್ತಾಗುತ್ತಿರಲಿಲ್ಲ.

ಬಂದರಿನ ಹಾರ್ಡ್‌ವೇರ್ ಅಂಗಡಿಯವರಿಗೆ ತೋರಿಸಿದೆ. ಅವರು ನೋಡಿದ ಕೂಡಲೇ ಹೇಳಿದರು, "ಮಳೆಗಾಲದಲ್ಲಿ ಹೊಡೆದ್ರೆ ಬಿಳಿ ಬರ್ತದೆ ಮಾರ್ರೆ. ಗ್ಯಾರೇಜಿನವ್ರೂ ಲೈಟ್ ಹಾಕಿ ಒಣಗಿಸ್ತಾರೆ, ನೀವು ತಾರಸಿಯಲ್ಲಿ ಹೊಡೆದ್ರೆ ಎಂತ ಆಗ್ಬೇಕು?"

ಕಾರಣ ಇಷ್ಟೇ. ಡಬ್ಬಿಯೊಳಗಿನ ಗ್ಯಾಸ್, ದ್ರಾವಕ ಎರಡೂ ಬೇಗ ಆವಿಯಾಗುತ್ತವೆ. ಆವಿಯಾಗುವಾಗ ಬಣ್ಣದ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಣ್ಣಗಿನ ಹಸಿ ಬಣ್ಣದ ಮೇಲೆ ನೀರಿನ ಸೂಕ್ಷ್ಮ ಹನಿ ಕೂರುತ್ತದೆ. ಆ ಹನಿ ಬಣ್ಣದೊಳಗೇ ಸಿಕ್ಕಿಕೊಂಡು ಬಿಳಿ ಮಂಕು ಬರುತ್ತದೆ. ತರಿ ಬರುವುದು ಇನ್ನೊಂದು ಕಾರಣಕ್ಕೆ. ಸಮುದ್ರದ ಗಾಳಿ ಬೀಸುವ ಬಿಸಿ ತಾರಸಿಯಲ್ಲಿ ಹನಿಗಳು ಬೊಂಬೆ ಮುಟ್ಟುವ ಮೊದಲೇ ಅರ್ಧ ಒಣಗಿರುತ್ತವೆ. ಕಬ್ಬಿಣಕ್ಕೆ, ಕಟ್ಟಡಕ್ಕೆ ಬಣ್ಣ ಹೊಡೆಯುವವರು ಗಾಳಿಯ ತೇವ ಶೇಕಡಾ 85 ದಾಟಿದರೆ ಸಾಮಾನ್ಯವಾಗಿ ಕೆಲಸ ನಿಲ್ಲಿಸುತ್ತಾರೆ. ನಮ್ಮಲ್ಲಿ ಜುಲೈ ತಿಂಗಳ ಸಾಮಾನ್ಯ ದಿನವೇ ಅದರ ಆಚೆ ಈಚೆ ಇರುತ್ತದೆ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಬಿಸಿಲು ಬಂತು ಅಂತ ಗಾಳಿ ಒಣಗಿರುವುದಿಲ್ಲ. ಮಳೆ ನಿಂತ ಮೇಲಿನ ಬಿಸಿಲಿನಲ್ಲಿ ನೆಲದ ನೀರೆಲ್ಲ ಮೇಲೇಳುತ್ತದೆ, ಅಲ್ವಾ? ಡಬ್ಬಿಯ ಮೇಲಿನ ಸೂಚನೆಗಳನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೂ ಗಾಳಿಯೊಳಗಿನ ನೀರಿಗೆ ನಾವೇನು ಮಾಡಲಾಗುತ್ತದೆ?

ಇದನ್ನು ತೆಗೆಯುವುದು ಇನ್ನೊಂದು ಕಷ್ಟ. ಕುಂಚದಲ್ಲಿ ಹಚ್ಚುವ ಅಕ್ರಿಲಿಕ್ ಬಣ್ಣ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಬರುತ್ತದೆ. ನಾನು ತಂದಿದ್ದು ವಾಹನಗಳಿಗೆ ಹೊಡೆಯುವ ಬಗೆಯ ಡಬ್ಬಿ. ಅದು ಆಲ್ಕೊಹಾಲಿಗೆ ಜಗ್ಗಲೇ ಇಲ್ಲ. ಥಿನ್ನರಿಗೆ ಬರುತ್ತದೆ, ಆದರೆ ಥಿನ್ನರ್ ತಾಗಿದರೆ ಬೊಂಬೆಯ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕೇ ಕರಗಿಹೋಗುತ್ತದೆ. ಕೊನೆಗೆ ಸೂಜಿ ಹಿಡಿದು ಗೆರೆ ಗೆರೆಯಾಗಿ ಕೆರೆದೆ. ಸಾರ್ಜೆಂಟನ ತಲೆಯನ್ನು ಬಿಡಿ ಭಾಗಗಳ ಡಬ್ಬದಿಂದ ಹೊಸದಾಗಿ ಹಾಕಿ, ಗೊರಬು ಮತ್ತೆ ಮಾಡಿದೆ.

ಬೊಂಬೆಗಳಿಗೇ ಅಂತ ಮಾಡಿದ ವಿದೇಶಿ ಸ್ಪ್ರೇ ತರಿಸಬಹುದಲ್ಲ ಅಂತ ಕೇಳುತ್ತಾರೆ. ದುಬೈಯಲ್ಲಿರುವ ಭಾವ ಊರಿಗೆ ಬರುವಾಗ ನನಗೆ ಕಿಟ್ ತರುತ್ತಾರೆ, ಆದರೆ ಸ್ಪ್ರೇ ಪೇಂಟ್ ತರಲು ಆಗುವುದಿಲ್ಲ. ಬೆಂಕಿ ಹತ್ತುವ ಏರೋಸಾಲ್ ಬಣ್ಣ ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಾಟಲಿಗೆ ಆ ತೊಂದರೆ ಇಲ್ಲ. ಲಗೇಜಿನಲ್ಲಿ ಬಟ್ಟೆಯ ನಡುವೆ ಸುತ್ತಿಕೊಂಡು ಬಜ್ಪೆಯಲ್ಲಿ ಇಳಿಯಬಹುದು.

ಏರ್‌ಬ್ರಷ್ ಗೆಳೆಯನ ಮನೆಯಲ್ಲಿ ನೋಡಿದೆ. ನುಣುಪು ಅಂದರೆ ಅದೇ. 0.3 ಮಿಲಿಮೀಟರ್ ನಾಜಲ್‌ನಿಂದ ಬರುವ ಪ್ರೈಮರ್ ಒಂದು ಗೆರೆಯನ್ನೂ ಮುಚ್ಚಲಿಲ್ಲ. ಕಪ್ಪಿನ ಮೇಲೆ ಮೇಲ್ಗಡೆಯಿಂದ ಮಾತ್ರ ಬಿಳಿ ಹಾಯಿಸಿ ನೆರಳು ಬೆಳಕು ತರುವುದು ಏರ್‌ಬ್ರಷ್‌ನಲ್ಲಿ ಎಷ್ಟು ಚೆಂದ! ಆದರೆ ನಮ್ಮ ಗಾಳಿಯನ್ನೇ ಕಂಪ್ರೆಸರ್ ಒತ್ತುವುದು. ಒತ್ತಿದ ಗಾಳಿಯಿಂದ ನೀರು ಬಿಡುತ್ತದೆ. ನೀರು ಹಿಡಿಯುವ ಫಿಲ್ಟರನ್ನು ಆಗಾಗ ಖಾಲಿ ಮಾಡದಿದ್ದರೆ ಬಣ್ಣದ ನಡುವೆ ಟಪ್ ಅಂತ ಹನಿ. ಪ್ರೈಮರ್ ಸೂಜಿಯ ತುದಿಯಲ್ಲಿ ಒಣಗಿ ಕಟ್ಟುವುದು ಬೇರೆ. ಹತ್ತು ಬೊಂಬೆಗೆ ಹೊಡೆದದ್ದಕ್ಕಿಂತ ಬಿಚ್ಚಿ ತೊಳೆದದ್ದೇ ಜಾಸ್ತಿ ಹೊತ್ತು. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಬಣ್ಣ ಹಚ್ಚುವ ನನಗೆ ಕಂಪ್ರೆಸರ್ ಸದ್ದು ಹೊಂದುವುದೂ ಇಲ್ಲ. ಟ್ಯಾಂಕ್, ವಿಮಾನದಂಥ ದೊಡ್ಡ ಮಾಡೆಲ್‌ಗಳನ್ನು ಜಾಸ್ತಿ ಮಾಡುವವರು ತೆಗೆದುಕೊಳ್ಳಿ.

ಈಗ ನನ್ನ ಆಯ್ಕೆ. ಸ್ಪೇನಿನ ವಲ್ಲೆಹೊ ಕಂಪನಿಯ ಸರ್ಫೇಸ್ ಪ್ರೈಮರ್, ಕಪ್ಪು, 60 ಮಿಲಿಲೀಟರ್ ಬಾಟಲಿ. ಅಕ್ರಿಲಿಕ್ ಪಾಲಿಯುರೆಥೇನ್, ವಾಸನೆ ಹೆಚ್ಚೇನಿಲ್ಲ. ಕಿಟಕಿ ಮುಚ್ಚಿಕೊಂಡು, ಹೊರಗೆ ಧೋ ಅಂತ ಸುರಿಯುತ್ತಿರುವಾಗಲೇ ಹಚ್ಚಿದೆ. ಮಂಜಿಲ್ಲ, ತರಿಯಿಲ್ಲ.

ಹಚ್ಚುವ ರೀತಿಯಲ್ಲಿ ಇರುವುದು ಎಲ್ಲ. ಬಾಟಲಿಯನ್ನು ರಭಸದಿಂದ ಕುಲುಕಿದರೆ ಗುಳ್ಳೆ ಬರುತ್ತದೆ, ಕುಲುಕಿ ಸ್ವಲ್ಪ ಹೊತ್ತು ಬಿಡಿ. ಅಗಲದ ಮೆತ್ತನೆಯ ಸಿಂಥೆಟಿಕ್ ಕುಂಚ ಸಾಕು. ಮೊದಲ ಕೈ ತೆಳ್ಳಗೆ, ಕೆಳಗಿನ ಪ್ಲಾಸ್ಟಿಕ್ ಅಲ್ಲಲ್ಲಿ ಕಂಡರೂ ಪರವಾಗಿಲ್ಲ. ಹಚ್ಚಿದ ಮೇಲೆ ಕಂಕುಳು, ಬೆಲ್ಟು, ಗೊರಬಿನ ಒಳಮೈ ನೋಡಿ. ಅಲ್ಲಿ ನಿಂತ ಪ್ರೈಮರನ್ನು ಒಣ ಕುಂಚದ ತುದಿಯಿಂದ ಹೀರಿ ತೆಗೆಯಬೇಕು. ನಿಂತದ್ದು ಹಾಗೇ ಒಣಗಿದರೆ ಗೆರೆ ಮುಚ್ಚುತ್ತದೆ. ಒಮ್ಮೆ ಬಿಟ್ಟ ಜಾಗಕ್ಕೆ ಮತ್ತೆ ಕುಂಚ ಎಳೆಯಬಾರದು, ಅರೆ ಒಣಗಿದ ಪದರ ಕಿತ್ತು ಬರುತ್ತದೆ. ಆರಿದ ಹಾಗೆ ಪದರ ಕುಗ್ಗಿ ಮೈಗೆ ಅಂಟುತ್ತದೆ, ಹಸಿಯಿದ್ದಾಗ ಕಂಡ ಕುಂಚದ ಗೆರೆ ಎಷ್ಟೋ ಮಾಯವಾಗುತ್ತದೆ. ಎರಡನೇ ಕೈ ಹಾಕಿದ ಮೇಲೆ ಒಂದು ದಿನ ಪೂರ್ತಿ ಬಿಡಿ. ಮಳೆಗಾಲದಲ್ಲಿ ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಕೈಗೆ ಒಣಗಿದಂತೆ ಅನಿಸಿದರೂ ಒಳಗೆ ಹಸಿ ಇರುತ್ತದೆ, ಉಗುರು ತಾಗಿದರೆ ಸಿಪ್ಪೆಯ ಹಾಗೆ ಏಳುತ್ತದೆ. ಮರಳು ಕಾಗದ ಹಾಕಲಾಗದು, ಅದೊಂದು ಕೊರತೆ ಹೌದು. ಉಜ್ಜುವುದೆಲ್ಲ ಮೊದಲೇ ಮುಗಿಸಿ.

ಏರ್‌ಬ್ರಷ್‌ನ ಬೆಳಕು ಇದರಲ್ಲಿ ಬರುವುದಿಲ್ಲ ಅಂತ ಬೇಸರ ಬೇಡ. ಕಪ್ಪಿನ ಮೇಲೆ ಬೂದು, ಆಮೇಲೆ ಬಿಳಿ ಡ್ರೈಬ್ರಷ್ ಮಾಡಿದೆ. ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ ಉಳಿದಷ್ಟರಲ್ಲಿ ಮೇಲಿನಿಂದ ಸವರುವುದು. ಗೊರಬಿನ ಒಂದೊಂದು ಗೆರೆಯ ಏರು ಬೆಳ್ಳಗಾಯಿತು, ತಗ್ಗು ಕಪ್ಪಾಗಿಯೇ ಉಳಿಯಿತು. ಅದರ ಮೇಲೆ ಗೇಮ್ಸ್ ವರ್ಕ್‌ಶಾಪ್‌ನವರದ್ದೇ ಸಿಟಾಡೆಲ್ ಬ್ರ್ಯಾಂಡಿನ ಕಾಂಟ್ರಾಸ್ಟ್ ಬಣ್ಣದ (ತಗ್ಗಿಗೆ ಹರಿದು ತಾನೇ ನೆರಳು ಕೊಡುವ ತೆಳು ಬಣ್ಣ) ಕಂದು ಒಂದೇ ಕೈ. ಒಣಗಿದ ಎಲೆಯ ಬಣ್ಣ ತಾನಾಗಿ ಬಂತು. ನಾನು ಈ ಹವ್ಯಾಸದಲ್ಲಿ ಮಾಡಿದ್ದರಲ್ಲಿ ನನಗೆ ತುಂಬ ಹೆಮ್ಮೆಯ ಕೆಲಸ ಈ ಗೊರಬುಗಳು.

ಚಿತ್ರಕಲೆಯ ಅಂಗಡಿಯ ಗೆಸ್ಸೊ, ಅಂದರೆ ಕ್ಯಾನ್‌ವಾಸಿಗೆ ಮೊದಲು ಬಳಿಯುವ ತಳಪದರ? ದಪ್ಪ. ಬೊಂಬೆ ನಿಲ್ಲಿಸುವ ತಳದ ಬೇಸ್‌ಗೆ ಸರಿ, ಮುಖಕ್ಕೆ ಬೇಡ. ನನ್ನ ಬೇಸಿನ ಮೇಲಿರುವುದು ಜರಡಿ ಹಿಡಿದ ಮುರಕಲ್ಲಿನ ಪುಡಿ, ಹಂಚಿನ ಚೂರು. ಕಡಲ ಮರಳು ಹಾಕುವವರು ಚೆನ್ನಾಗಿ ತೊಳೆದು ಉಪ್ಪು ತೆಗೆಯಿರಿ, ಉಪ್ಪು ತೇವ ಎಳೆಯುತ್ತದೆ.

ದುಡ್ಡಿನ ಲೆಕ್ಕದಲ್ಲೂ ಬಾಟಲಿಯೇ ಗೆಲ್ಲುತ್ತದೆ. ಸ್ಪ್ರೇಯಲ್ಲಿ ಅರ್ಧ ಬಣ್ಣ ಗಾಳಿಗೆ ಹೋಗುತ್ತದೆ, ಬಾಟಲಿಯದ್ದು ಹನಿ ಹನಿಯೂ ಬೊಂಬೆಗೇ. ಹತ್ತು ಬೊಂಬೆಗೆ ಹಚ್ಚಿಯೂ ನನ್ನ ಬಾಟಲಿ ಅರ್ಧಕ್ಕಿಂತ ಮೇಲೇ ಇದೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ನಿಜ. ಒಂದೇ ಸಲ ಐವತ್ತು ಬೊಂಬೆ ಮುಗಿಸಬೇಕು ಅನ್ನುವವರು ಡಿಸೆಂಬರ್, ಜನವರಿ ತನಕ ಕಾದು, ಗಾಳಿ ಒಣಗಿರುವ ದಿನ ನೋಡಿ ಸ್ಪ್ರೇ ಹೊಡೆಯಿರಿ. ನನ್ನ ಹಾಗೆ ರಾತ್ರಿಗೆ ಎರಡು ಮೂರು ಬೊಂಬೆ ಕೂತು ಮಾಡುವವರಿಗೆ ಆ ಅವಸರ ಇಲ್ಲ.

ಕೊನೆಯ ವಾರ್ನಿಶ್‌ಗೂ ಇದೇ ಮಾತು. ಮ್ಯಾಟ್ ವಾರ್ನಿಶ್ ಸ್ಪ್ರೇಗೂ ಇದೇ ಬಿಳಿ ಮಂಜು ಬರುತ್ತದೆ, ಅದೂ ಮುಗಿದ ಬಣ್ಣದ ಮೇಲೆ. ಅದನ್ನೂ ಬಾಟಲಿಯದ್ದೇ ತೆಗೆದುಕೊಳ್ಳಿ, ಕುಂಚದಲ್ಲೇ ಹಚ್ಚಿ.