ತೆಂಗಿನ ಚಿಪ್ಪಿನ ಕಾರ್ಬನ್, 25 ಕೆಜಿ ಚೀಲ: ಯಾವ ನೀರಿಗೆ ಸರಿ, ಯಾವ ನೀರಿಗೆ ದಂಡ

ಫಿಲ್ಟರ್ ಸಾಮಾನಿನ ಅಂಗಡಿಯಲ್ಲಿ ‘ಕಾರ್ಬನ್ ಮೀಡಿಯಾ’ ಎಂದು ಕೇಳಿದರೆ 25 ಕೆಜಿಯ ಚೀಲವೊಂದನ್ನು ಮುಂದಿಡುತ್ತಾರೆ. ಒಳಗಿರುವುದು ತೆಂಗಿನ ಚಿಪ್ಪಿನಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್. ನಲ್ಲಿ ನೀರಿನ ಕ್ಲೋರಿನ್ ವಾಸನೆ, ಕೆರೆ ನೀರಿನ ಮಣ್ಣುವಾಸನೆ, ಕೀಟನಾಶಕದ ಅಂಶ ಇವನ್ನು ತೆಗೆಯಲು ಮನೆಮಟ್ಟದಲ್ಲಿ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಗಡಸು ನೀರು, ಉಪ್ಪು ನೀರು, ಫ್ಲೋರೈಡ್, ನೈಟ್ರೇಟ್ ನಿಮ್ಮ ತೊಂದರೆಯಾಗಿದ್ದರೆ ಈ ಚೀಲಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರು ಕುಡಿಯುವವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕಾರ್ಬನ್ ಹಾಕಿದ ಮೇಲೂ ಅದು ಅಷ್ಟೇ ಇರುತ್ತದೆ. ರುಚಿ ಸುಧಾರಿಸಿತೆಂದು ಜನ ನಂಬಿ ಕುಡಿಯುತ್ತಾರೆ, ಅಪಾಯ ಇರುವುದೇ ಅಲ್ಲಿ.

ಮೊದಲು ವಸ್ತುವಿನ ಬಗ್ಗೆ. ಬಲಿತ ಕಾಯಿಯ ಒಣ ಚಿಪ್ಪನ್ನು ಗಾಳಿ ಕಡಿಮೆ ಮಾಡಿ 400ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇದ್ದಿಲಾಗುತ್ತದೆ. ಆ ಇದ್ದಿಲನ್ನು ತಿರುಗುವ ಕುಲುಮೆಯಲ್ಲಿ 800ರಿಂದ 1000 ಡಿಗ್ರಿಗೆ ಕಾಯಿಸಿ, ಮೇಲೆ ಹಬೆ ಹಾಯಿಸುತ್ತಾರೆ. ಹಬೆ ಇದ್ದಿಲಿನ ಒಳಗನ್ನು ತಿನ್ನುತ್ತಾ ಹೋಗಿ ಕಣ್ಣಿಗೆ ಕಾಣದ ರಂಧ್ರಗಳನ್ನು ಕೊರೆಯುತ್ತದೆ. ಸುಮಾರು 10 ಟನ್ ಚಿಪ್ಪಿಗೆ 3 ಟನ್ ಇದ್ದಿಲು, 3 ಟನ್ ಇದ್ದಿಲಿಗೆ 1 ಟನ್ ಕಾರ್ಬನ್ ಎನ್ನುವುದು ಈ ಕಸುಬಿನ ಲೆಕ್ಕ. ಒಳ್ಳೆಯ ಮಾಲಿನ 1 ಗ್ರಾಂನ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನು. ಕೊಳೆ ಹಿಡಿದುಕೊಳ್ಳುವ ಜಾಗ ಇದೇ.

ತಿಪಟೂರಿನ ಸುತ್ತ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರಲ್ಲ, ಅದರ ಚಿಪ್ಪು ಪೂರ್ತಿ ಬಲಿತು ಒಣಗಿರುತ್ತದೆ. ಇದ್ದಿಲಿಗೆ ಬೇಕಾಗಿರುವುದು ಅಂಥ ಚಿಪ್ಪೇ. ಎಳನೀರು ಬುರುಡೆಯಿಂದ ಈ ಗಟ್ಟಿತನ ಬರುವುದಿಲ್ಲ.

ಚೀಲದ ಮೇಲಿನ ಅಂಕಿಗಳಲ್ಲಿ ಮೊದಲು ನೋಡಬೇಕಾದದ್ದು ಅಯೋಡಿನ್ ನಂಬರ್. 1 ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹೀರುತ್ತದೆ ಎನ್ನುವ ಲೆಕ್ಕ ಅದು. ಕುಡಿಯುವ ನೀರಿಗೆ 900ಕ್ಕಿಂತ ಕೆಳಗಿನದನ್ನು ತೆಗೆದುಕೊಳ್ಳಬೇಡಿ, 1000 ಇದ್ದರೆ ಒಳ್ಳೆಯದು. 600ರ ಮಾಲು ಅಗ್ಗಕ್ಕೆ ಸಿಗುತ್ತದೆ. ಆದರೆ 1000ದ ಚೀಲದ ಬೆಲೆಯ ಶೇ 60ಕ್ಕಿಂತ ಕಡಿಮೆಗೆ ಸಿಕ್ಕರೆ ಮಾತ್ರ ಅದು ನಿಜವಾಗಿ ಅಗ್ಗ, ಶೇ 80ರ ಬೆಲೆಗೆ ಕೊಟ್ಟರೆ ನಷ್ಟ ನಿಮ್ಮದೇ. ಬೇಗ ತುಂಬಿಹೋಗುತ್ತದೆ, ಮತ್ತೆ ಬಿಚ್ಚಿ ತುಂಬುವ ಕೂಲಿ ಬೇರೆ.

ಎರಡನೆಯದು ಮೆಶ್, ಅಂದರೆ ಹರಳಿನ ಗಾತ್ರ. 8×30 ಎಂದರೆ ಸುಮಾರು 2.36 ಮಿಲಿಮೀಟರಿನಿಂದ 0.6 ಮಿಲಿಮೀಟರ್‌ವರೆಗಿನ ಹರಳು. 12×40 ಇನ್ನೂ ಸಣ್ಣದು, 1.7ರಿಂದ 0.425. ಸಣ್ಣ ಹರಳು ಚುರುಕಾಗಿ ಕೆಲಸ ಮಾಡುತ್ತದೆ, ಆದರೆ ಒತ್ತಡ ತಿನ್ನುತ್ತದೆ. ಓವರ್‌ಹೆಡ್ ಟ್ಯಾಂಕಿನಿಂದ ಬರೀ ಇಳಿತದ ಒತ್ತಡದಲ್ಲಿ ನೀರು ಬರುವ ಮನೆಗೆ 8×30 ಸರಿ, ಪ್ರೆಶರ್ ಪಂಪ್ ಇದ್ದರೆ 12×40 ಹಾಕಬಹುದು. ಬೂದಿ ಶೇ 5ರ ಒಳಗೆ, ತೇವ ಶೇ 5ರ ಒಳಗೆ, ಹಾರ್ಡ್‌ನೆಸ್ (ಹರಳಿನ ಗಟ್ಟಿತನ) ಶೇ 95ರ ಮೇಲೆ ಇರಲಿ. ಹರಳು ಕಾರ್ಬನ್‌ಗೆ ಐಎಸ್ 2752, ಪರೀಕ್ಷಾ ವಿಧಾನಗಳಿಗೆ ಐಎಸ್ 877 ಎಂಬ ಮಾನಕಗಳಿವೆ. ಆ ಬ್ಯಾಚಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಕೊಡಲು ಹಿಂಜರಿದರೆ ಬೇರೆ ಅಂಗಡಿ ನೋಡಿ.

ಕಲಬೆರಕೆ ಹೀಗೆ: ಹಬೆ ಹಾಯಿಸದ ಬರೀ ಇದ್ದಿಲನ್ನು ಪುಡಿಮಾಡಿ ಬೆರೆಸುವುದು, ಇಲ್ಲವೇ ಕಲ್ಲಿದ್ದಲಿನ ಕಾರ್ಬನ್ ಅನ್ನು ಚಿಪ್ಪಿನದೆಂದು ಮಾರುವುದು. ಚಿಪ್ಪಿನ ಹರಳು ಗಟ್ಟಿ, ಅಂಚು ಚೂಪು. ಕೆಲವು ಹರಳುಗಳಲ್ಲಿ ಚಿಪ್ಪಿನ ಬಾಗು ಕಣ್ಣಿಗೇ ಕಾಣುತ್ತದೆ. ಬೆರಳಲ್ಲಿ ತಿಕ್ಕಿದರೆ ಪುಡಿಯಾಗಬಾರದು. ಒಣ ಹರಳನ್ನು ಒಂದು ಲೋಟ ನೀರಿಗೆ ಹಾಕಿದರೆ ರಂಧ್ರದೊಳಗಿನ ಗಾಳಿ ಹೊರಬಿದ್ದು ಚುರ್ ಎಂಬ ಸದ್ದು, ಸಣ್ಣ ಗುಳ್ಳೆಗಳ ಸಾಲು. ಸದ್ದೂ ಗುಳ್ಳೆಯೂ ಇಲ್ಲದಿದ್ದರೆ ಅನುಮಾನ ಪಡಿ. ಇನ್ನೊಂದು ಪರೀಕ್ಷೆಗೆ ಮೆಡಿಕಲ್ ಅಂಗಡಿಯ ಟಿಂಚರ್ ಅಯೋಡಿನ್ ಸಾಕು. ಎರಡು ಲೋಟದಲ್ಲಿ 100 ಮಿಲಿಲೀಟರ್‌ನಂತೆ ನೀರು, ಒಂದೊಂದಕ್ಕೂ ಐದು ಹನಿ ಅಯೋಡಿನ್. ಒಂದಕ್ಕೆ ಕುಟ್ಟಿದ ಕಾರ್ಬನ್ ಒಂದು ಚಮಚ, ಇನ್ನೊಂದಕ್ಕೆ ಒಲೆಯ ಇದ್ದಿಲನ್ನು ಅಷ್ಟೇ ನುಣ್ಣಗೆ ಕುಟ್ಟಿ ಒಂದು ಚಮಚ. ಐದು ನಿಮಿಷ ಕಲಕಿ, ತಳ ಕೂರಲು ಬಿಡಿ. ಒಳ್ಳೆಯ ಕಾರ್ಬನ್ ಇರುವ ಲೋಟದ ಕಂದು ಬಣ್ಣ ಹೆಚ್ಚುಕಡಿಮೆ ಪೂರ್ತಿ ಹೋಗಿರಬೇಕು. ಎರಡೂ ಲೋಟ ಒಂದೇ ಥರ ಕಂಡರೆ ನಿಮಗೆ ಮಾರಿರುವುದು ಇದ್ದಿಲು. ಅಯೋಡಿನ್ ನಂಬರ್ ಎಷ್ಟೆಂದು ಈ ಪರೀಕ್ಷೆ ಹೇಳುವುದಿಲ್ಲ, ಮೋಸವನ್ನು ಮಾತ್ರ ಹಿಡಿಯುತ್ತದೆ.

ಇನ್ನು ತುಂಬುವ ಕೆಲಸ. ಒಳ್ಳೆಯ ಮಾಲು ತಂದೂ ಫಿಲ್ಟರ್ ಕೆಡುವುದು ಹೆಚ್ಚಾಗಿ ಇಲ್ಲೇ. 25 ಕೆಜಿ ಕಾರ್ಬನ್ ಸುಮಾರು 50 ಲೀಟರ್ ಜಾಗ ತುಂಬುತ್ತದೆ. 13 ಇಂಚು ಅಗಲ, 54 ಇಂಚು ಎತ್ತರದ ಫೈಬರ್ ವೆಸೆಲ್‌ಗೆ, ಅಂದರೆ ಕಾರ್ಬನ್ ತುಂಬುವ ಉದ್ದನೆಯ ಟ್ಯಾಂಕಿಗೆ, ಇದು ಸರಿಯಾದ ಅಳತೆ. ಹಿಂದಿನ ದಿನವೇ ಚೀಲವನ್ನು ಡ್ರಮ್ಮಿಗೆ ಸುರಿದು 24 ಗಂಟೆ ನೆನೆಸಿ. ನೆನೆಯದ ಹರಳಿನಲ್ಲಿ ಗಾಳಿ ಉಳಿದಿರುತ್ತದೆ, ತೇಲುತ್ತದೆ, ಮೊದಲ ಬ್ಯಾಕ್‌ವಾಶ್‌ನಲ್ಲೇ (ಕೆಳಗಿನಿಂದ ನೀರು ಒತ್ತಿ ತೊಳೆಯುವಾಗಲೇ) ಚರಂಡಿಗೆ ಹೋಗುತ್ತದೆ. ಉಳಿದದ್ದರ ನಡುವೆ ಬಿರುಕು ಬಿಟ್ಟು ನೀರು ಅದೇ ಬಿರುಕಿನಲ್ಲಿ ಹರಿಯುತ್ತದೆ. ನೆನೆಸಿದ ಮೇಲೆ ಕಲಕಿ, ಮೇಲಿನ ಕಪ್ಪು ನೀರು ಬಸಿಯುವುದನ್ನು ನಾಲ್ಕೈದು ಸಲ ಮಾಡಿ. ಒಣ ಕಾರ್ಬನ್ ಸುರಿಯುವಾಗ ಮೂಗಿಗೆ ಮಾಸ್ಕ್ ಇರಲಿ, ಧೂಳು ಬಹಳ ನುಣುಪು.

ವೆಸೆಲ್‌ನ ನಡುಪೈಪಿನ ಬಾಯಿಗೆ ಟೇಪ್ ಸುತ್ತಿ ಮುಚ್ಚಿ. ಇದನ್ನು ಮರೆತರೆ ಹರಳು ಪೈಪಿನೊಳಗೆ ಬಿದ್ದು ಅಡುಗೆಮನೆಯ ನಲ್ಲಿವರೆಗೂ ಬರುತ್ತದೆ. ತಳದ ಸ್ಟ್ರೇನರ್ ಮುಳುಗುವಂತೆ 3ರಿಂದ 6 ಮಿಲಿಮೀಟರಿನ ತೊಳೆದ ಪೆಬಲ್ 10 ಕೆಜಿ, ಅದರ ಮೇಲೆ ಕಾರ್ಬನ್. ವೆಸೆಲ್‌ನ ಮೂರರಲ್ಲಿ ಎರಡು ಭಾಗ ಮೀರಿ ತುಂಬಲು ಬಿಡಬೇಡಿ. ಕೆಳಗಿನಿಂದ ನೀರು ಒತ್ತಿ ತೊಳೆಯುವಾಗ ಕಾರ್ಬನ್ ಹಾಸು ಶೇ 20ರಿಂದ 30ರಷ್ಟು ಉಬ್ಬಬೇಕು. ಉಬ್ಬಲು ಜಾಗವಿಲ್ಲದಿದ್ದರೆ ಕೆಸರು ಒಳಗೇ ಉಳಿದು ಹಾಸು ಗಂಟುಗಟ್ಟುತ್ತದೆ. ಈ ವೆಸೆಲ್‌ಗೆ ಬ್ಯಾಕ್‌ವಾಶ್ ಹರಿವು ನಿಮಿಷಕ್ಕೆ 35 ಲೀಟರ್‌ನಷ್ಟಾದರೂ ಬೇಕು, ವಾರಕ್ಕೊಮ್ಮೆ 10ರಿಂದ 15 ನಿಮಿಷ. ಬಕೆಟ್ ಹಿಡಿದು ಅಳೆಯಿರಿ: 20 ಲೀಟರಿನ ಬಕೆಟ್ 35 ಸೆಕೆಂಡಿನೊಳಗೆ ತುಂಬಬೇಕು.

ಮೊದಲ ದಿನದ ನೀರು ಕುಡಿಯಬೇಡಿ. ಚಿಪ್ಪಿನ ಬೂದಿಯಲ್ಲಿ ಪೊಟ್ಯಾಸಿಯಂ ಇರುವುದರಿಂದ ಶುರುವಿನ ನೀರಿನ ಪಿಎಚ್ 9 ದಾಟುತ್ತದೆ, ಬಾಯಿಗೆ ಸೋಪಿನಂತೆ ಜಾರುತ್ತದೆ. ಒಳಬರುವ ನೀರಿನ ಪಿಎಚ್‌ಗೆ ಹೊರಬರುವ ನೀರಿನದೂ ಸಮನಾಗುವ ತನಕ ಹರಿಯಬಿಟ್ಟು ಗಿಡಕ್ಕೆ, ನೆಲ ತೊಳೆಯಲು ಬಳಸಿ. ಆಸಿಡ್ ವಾಶ್ ಮಾಡಿದ ಮಾಲಿಗೆ ಬೆಲೆ ಹೆಚ್ಚು, ಆದರೆ ಈ ರಗಳೆ ಕಡಿಮೆ.

ಹರಿವಿನ ವೇಗದ ವಿಷಯದಲ್ಲಿ ಫಿಟ್ಟಿಂಗ್ ಮಾಡುವವರೂ ಎಡವುತ್ತಾರೆ. ನೀರು ಕಾರ್ಬನ್ ಜೊತೆ ಎಷ್ಟು ಹೊತ್ತು ಇರುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. 50 ಲೀಟರ್ ಹಾಸಿನಲ್ಲಿ ನಿಮಿಷಕ್ಕೆ 10 ಲೀಟರ್ ಹರಿಸಿದರೆ 5 ನಿಮಿಷ ಸಿಗುತ್ತದೆ, ಕ್ಲೋರಿನ್‌ಗೆ ಅಷ್ಟು ಸಾಕು. ಕೀಟನಾಶಕ ಅಥವಾ ಕ್ಲೋರೋಫಾರ್ಮ್‌ನಂಥವು ಹೋಗಬೇಕಾದರೆ 10 ನಿಮಿಷ ಬೇಕು, ಹರಿವನ್ನು 5 ಲೀಟರಿಗೆ ಇಳಿಸಬೇಕು. ಸಿಂಕಿನ ಕೆಳಗೆ ಹಾಕುವ 10 ಇಂಚಿನ ಹರಳು ಕಾರ್ಟ್ರಿಡ್ಜ್‌ನ ಕಥೆ ಬೇರೆ. ಅದರೊಳಗಿರುವುದು ಒಂದು ಲೀಟರಿಗೂ ಕಡಿಮೆ ಕಾರ್ಬನ್. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ನೀರು ಅರ್ಧ ನಿಮಿಷವೂ ಒಳಗಿರುವುದಿಲ್ಲ. ರುಚಿ ಸ್ವಲ್ಪ ಸುಧಾರಿಸುತ್ತದೆ, ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡಿ. ಪುಡಿಯನ್ನು ಒತ್ತಿ ಮಾಡಿದ ಕಾರ್ಬನ್ ಬ್ಲಾಕ್ ಆ ಜಾಗಕ್ಕೆ ಮೇಲು, ಕೆಸರು ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ ಅಷ್ಟೇ. ಯಾವುದೇ ಆಗಲಿ, ನೀರು ಕಾರ್ಬನ್‌ಗೆ ಬರುವ ಮೊದಲು 5 ಮೈಕ್ರಾನ್‌ನ ಸೆಡಿಮೆಂಟ್ ಫಿಲ್ಟರ್ ಇರಲೇಬೇಕು. ಕಬ್ಬಿಣದ ಅಂಶವಿರುವ ಬೋರ್ ನೀರಾದರೆ ಮೊದಲು ಕಬ್ಬಿಣ ತೆಗೆಯಿರಿ, ಇಲ್ಲದಿದ್ದರೆ ತುಕ್ಕಿನ ಪದರ ರಂಧ್ರಗಳ ಬಾಯಿ ಮುಚ್ಚುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಕಾರ್ಬನ್ ಫಿಲ್ಟರನ್ನು ಸಂಪಿಗಿಂತ ಮೊದಲು ಕೂರಿಸುವುದು. ಕಾವೇರಿ ನೀರಾಗಲಿ, ಬೇರೆ ಊರಿನ ನಲ್ಲಿ ನೀರಾಗಲಿ, ಅದರಲ್ಲಿ ಕ್ಲೋರಿನ್ ಇರುವುದು ದಾರಿಯಲ್ಲಿ ಮತ್ತು ತೊಟ್ಟಿಯಲ್ಲಿ ರೋಗಾಣು ಬೆಳೆಯದಿರಲಿ ಎಂದೇ. ಕುಡಿಯುವ ನೀರಿನ ಮಾನಕ ಐಎಸ್ 10500ರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಹೇಳಿರುವುದೂ ಅದಕ್ಕೇ. ಸಂಪಿಗೆ ಬೀಳುವ ಮೊದಲೇ ಅದನ್ನು ತೆಗೆದರೆ ಸಂಪು, ಟ್ಯಾಂಕ್, ಪೈಪ್ ಎಲ್ಲಕ್ಕೂ ರಕ್ಷಣೆ ತಪ್ಪುತ್ತದೆ. ಕಾರ್ಬನ್ ಕೊನೆಯಲ್ಲಿ, ಬಳಸುವ ನಲ್ಲಿಗೆ ಹತ್ತಿರದಲ್ಲಿ ಇರಲಿ. ಕ್ಲೋರಿನ್ ಇಲ್ಲದ ಹಾಸಿನೊಳಗೂ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆದ್ದರಿಂದ ಕುಡಿಯುವ ನೀರಿಗೆ ಕಾರ್ಬನ್ ಆದ ಮೇಲೆ ಯುವಿ ದೀಪ ಇರಬೇಕು, ಇಲ್ಲವೇ ಕಾಯಿಸಬೇಕು. ಊರಿಗೆ ಹೋಗಿ ವಾರದ ಮೇಲೆ ಬಂದರೆ ಮೊದಲು ಬ್ಯಾಕ್‌ವಾಶ್, ಆಮೇಲೆ ಬಳಕೆ. ಆರ್‌ಒ ಇರುವವರು ಕಾರ್ಬನ್ ಅನ್ನು ಅದಕ್ಕಿಂತ ಮೊದಲೇ ಹಾಕಬೇಕು, ಕ್ಲೋರಿನ್ ಆರ್‌ಒ ಮೆಂಬ್ರೇನನ್ನು ಹಾಳುಮಾಡುತ್ತದೆ.

ಯಾವಾಗ ಬದಲಿಸಬೇಕು? ಒಂದು ಮನೆಯ ಬಳಕೆಗೆ ಈ ಗಾತ್ರದ ಹಾಸು ಸಾಮಾನ್ಯವಾಗಿ ಒಂದೆರಡು ವರ್ಷ ನಡೆಯುತ್ತದೆ. ಆದರೆ ಕ್ಯಾಲೆಂಡರ್ ನಂಬಬೇಡಿ. ಈಜುಕೊಳದ ಸಾಮಾನು ಮಾರುವಲ್ಲಿ ಸಿಗುವ ಕ್ಲೋರಿನ್ ಟೆಸ್ಟ್ ಹನಿಯನ್ನು ತಿಂಗಳಿಗೊಮ್ಮೆ ಹೊರಬರುವ ನೀರಿಗೆ ಹಾಕಿ, ಹಳದಿ ಬಣ್ಣ ಬಂದರೆ ಕಾಲ ಮುಗಿಯಿತು. ಕ್ಲೋರೋಫಾರ್ಮ್‌ನಂಥವು ಕ್ಲೋರಿನ್‌ಗಿಂತ ಬಹಳ ಮುಂಚೆಯೇ ದಾಟಿ ಬರುತ್ತವೆ ಎನ್ನುವುದೂ ನೆನಪಿರಲಿ. ಹಳೆಯ ಕಾರ್ಬನ್ ಅನ್ನು ಬಿಸಿಲಿಗೆ ಹಾಕಿ, ಕುದಿಸಿ ಮತ್ತೆ ಬಳಸಿ ಎಂದು ಹೇಳುವವರಿದ್ದಾರೆ. ಅದರಿಂದ ಮೇಲಿನ ಕೊಳೆ ಹೋಗುತ್ತದೆ, ರಂಧ್ರ ತೆರೆಯುವುದಿಲ್ಲ. ಅದಕ್ಕೆ ಮತ್ತೆ 800 ಡಿಗ್ರಿಯ ಕುಲುಮೆಯೇ ಬೇಕು.

ಈಚೆಗೆ ಇದರ ಪಕ್ಕದಲ್ಲೇ ಲಂಟಾನ, ಬಳ್ಳಾರಿ ಜಾಲಿ, ಜಲಕಳೆಗಳ ‘ಬಯೋಚಾರ್’ ಕೂಡ ನೀರು ಶುದ್ಧಿಗೆಂದು ಮಾರಾಟಕ್ಕಿದೆ. ಕಾಡು ನುಂಗಿರುವ ಲಂಟಾನಕ್ಕೆ ಒಂದು ಉಪಯೋಗ ಸಿಗಲೇಬೇಕು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಪೀಠೋಪಕರಣ ಮಾಡುವುದು ನಿಜಕ್ಕೂ ಗೌರವದ ಕೆಲಸ. ಆದರೆ ಬಯೋಚಾರ್ ಬೇರೆ ಸಾಧನ. ಹಬೆ ಕಾಣದ ಇದ್ದಿಲು ಅದು, ಒಳಮೈ ಕಡಿಮೆ, ಬೂದಿ ಹೆಚ್ಚು. ಕುಡಿಯುವ ನೀರಿಗೆ ಬೇಡ. ಕೊಳಚೆ ಸೇರುವ ಕೆರೆಯಿಂದ ತೆಗೆದ ಜಲಕಳೆಯದಂತೂ ಬೇಡವೇ ಬೇಡ: ಆ ಗಿಡ ನೀರಿನಿಂದ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಎಳೆದುಕೊಳ್ಳುತ್ತದೆ, ಸುಟ್ಟಾಗ ಅವು ಇದ್ದಿಲಿನಲ್ಲೇ ಸಾಂದ್ರವಾಗಿ ಉಳಿಯುತ್ತವೆ. ಮೈತುಂಬ ನೀರೇ ಇರುವ ಗಿಡ, ಒಣಗಿಸುವುದಕ್ಕೇ ಖರ್ಚು. ಇವುಗಳಲ್ಲಿ ಬಳ್ಳಾರಿ ಜಾಲಿಯೇ ಉತ್ತಮ. ಕಟ್ಟಿಗೆ ಗಟ್ಟಿ, ಇದ್ದಿಲೂ ಗಟ್ಟಿ.

ಬಯೋಚಾರ್‌ಗೆ ಸರಿಯಾದ ಜಾಗ ಸ್ನಾನದ ನೀರು, ಪಾತ್ರೆ ತೊಳೆದ ನೀರು, ಗೊಬ್ಬರದ ಗುಂಡಿ. 200 ಲೀಟರಿನ ಡ್ರಮ್ಮಿನ ತಳಕ್ಕೆ 15 ಸೆಂಟಿಮೀಟರ್ ಜಲ್ಲಿ, ಮೇಲೆ 5ರಿಂದ 20 ಮಿಲಿಮೀಟರ್ ಗಾತ್ರದ ಬಯೋಚಾರ್ 40 ಸೆಂಟಿಮೀಟರ್, ತೇಲದಂತೆ ಅದರ ಮೇಲೆ ಮತ್ತೆ ಜಲ್ಲಿ. ಡ್ರಮ್ಮಿಗೆ ಮೊದಲು ಜಿಡ್ಡು ತಡೆಯುವ ಒಂದು ಸಣ್ಣ ತೊಟ್ಟಿ ಇಲ್ಲದಿದ್ದರೆ ಎಣ್ಣೆ ಮೆತ್ತಿಕೊಂಡು ಕೆಲವೇ ವಾರದಲ್ಲಿ ನೀರು ಇಳಿಯುವುದು ನಿಲ್ಲುತ್ತದೆ. ಬಂದ ನೀರು ತೋಟಕ್ಕೆ. ಗೊಬ್ಬರಕ್ಕೆ ಹತ್ತು ಬುಟ್ಟಿಗೆ ಒಂದು ಬುಟ್ಟಿ ಬೆರೆಸಿದರೆ ಅಮೋನಿಯಾ ವಾಸನೆ ಸ್ಪಷ್ಟವಾಗಿ ಇಳಿಯುತ್ತದೆ. ಬಯೋಚಾರ್‌ಗೆಂದು ಕಾಂಗ್ರೆಸ್ ಹುಲ್ಲನ್ನು ಸುಡುವವರು ಹೂ ಬಿಡುವ ಮೊದಲೇ, ಕೈಗವಸು ಹಾಕಿಯೇ ಕಿತ್ತುಕೊಳ್ಳಿ. ಅದರ ಅಲರ್ಜಿ ಚರ್ಮಕ್ಕೆ ಹತ್ತಿದರೆ ಬಿಡುವುದಿಲ್ಲ.

ತೆಂಗಿನ ಕಾರ್ಬನ್‌ನ ಮೇಲೆ ನಮ್ಮ ದೂರು ಒಂದೇ, ಅದೂ ತಯಾರಿಕೆಯ ಬಗ್ಗೆ. ಗುಂಡಿ ತೋಡಿ ಚಿಪ್ಪು ಸುಡುವಲ್ಲಿ ಟಾರ್ ತುಂಬಿದ ಹೊಗೆ ಸುತ್ತಲಿನವರ ಎದೆಗೆ ಹೋಗುತ್ತದೆ, ಬೆಂಕಿ ಆರಿಸಿದ ನೀರು ನೆಲಕ್ಕೆ ಇಂಗಿ ಬಾವಿಗೆ ಸೇರುತ್ತದೆ. ಹೊಗೆಯನ್ನೇ ಮತ್ತೆ ಉರಿಸಿ ಶಾಖ ಪಡೆಯುವ ಮುಚ್ಚಿದ ಕುಲುಮೆಗಳಿವೆ. ಇದ್ದಿಲು ಎಲ್ಲಿಂದ, ಹೇಗೆ ಬಂತು ಎಂದು ಮಾರುವವರನ್ನು ಕೇಳಿ, ಉತ್ತರ ಇರುವವರಿಂದ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಕೊಳ್ಳಿ. ಕೆಲಸ ಮುಗಿದ ಕಾರ್ಬನ್ ನಲ್ಲಿ ನೀರಿಗೆ ಬಳಸಿದ್ದಾದರೆ ತೋಟದ ಮಣ್ಣಿಗೆ ಬೆರೆಸಬಹುದು. ಬಣ್ಣದ ಘಟಕದ, ಪ್ಲೇಟಿಂಗ್ ಘಟಕದ ನೀರಿಗೆ ಬಳಸಿದ್ದನ್ನು ಮಣ್ಣಿಗೂ ಹಾಕಬಾರದು, ಸುಡಲೂ ಬಾರದು, ಅಪಾಯಕಾರಿ ತ್ಯಾಜ್ಯ ಒಯ್ಯುವ ಪರವಾನಗಿ ಇರುವವರಿಗೇ ಕೊಡಬೇಕು.