ಪ್ಲಾಸ್ಟಿಕ್ ಹೊಂಡವೋ, ಮಣ್ಣಿನ ಒಡ್ಡೋ? ಎರಡನ್ನೂ ಮಾಡಿಸಿ ನೋಡಿದೆ

ಮಳೆನೀರು ಹಿಡಿದಿಡಲು ಮತ್ತೆ ದುಡ್ಡು ಹಾಕುವುದಾದರೆ ಮಣ್ಣಿನ ಒಡ್ಡಿಗೇ ಹಾಕುತ್ತೇನೆ. ಹೊಸದುರ್ಗದ ಕಡೆ ನಮ್ಮ ತೆಂಗಿನ ತೋಟ. ಮೊದಲು ತೆಗೆಸಿದ್ದು ಕೃಷಿಹೊಂಡ. ಮೇಲ್ಗಡೆ ಉದ್ದ ಅಗಲ 21 ಮೀಟರ್, ಆಳ 3 ಮೀಟರ್, ಬದಿಗಳು ಇಳಿಜಾರು, ಒಳಗೆ ಪ್ಲಾಸ್ಟಿಕ್ ಹಾಳೆ. ತುಂಬಿದರೆ ಹತ್ತಿರ ಹತ್ತಿರ 10 ಲಕ್ಷ ಲೀಟರ್. ಮೂರು ವರ್ಷದ ಮೇಲೆ ನಮ್ಮದೇ ಹೊಲದ ಕೊರಕಲಿಗೆ ಅಡ್ಡವಾಗಿ ಒಡ್ಡು ಕಟ್ಟಿಸಿದೆ.

ಹೊಂಡದಲ್ಲಿ ನೀರು ಇಂಗುವುದಿಲ್ಲ, ಅದು ನಿಜ. ಆದರೆ ಹಾಳೆ ಜಾರುತ್ತದೆ. ನಮ್ಮ ಕರು ಬಿದ್ದು ಒದ್ದಾಡಿ ಗೊರಸಿನಲ್ಲೇ ಹಾಳೆ ಹರಿದಿತ್ತು. ಬೇಲಿ, ಹಗ್ಗದ ಏಣಿ ಇಲ್ಲದೆ ಹೊಂಡ ಇಡಲೇಬಾರದು.

ಒಡ್ಡಿನಲ್ಲಿ ನನ್ನನ್ನು ಕಾಡಿದ್ದು ತೂಬಿನ ಪೈಪು, ಅಂದರೆ ನೀರು ಹೊರಗೆ ಬಿಡಲು ಒಡ್ಡಿನೊಳಗೆ ಹಾಯಿಸಿದ್ದ ಪೈಪು. ಒಡ್ಡಿನ ನಡುವೆ ಜೇಡಿಮಣ್ಣು ಹಾಕಿ, ಅರ್ಧರ್ಧ ಅಡಿಗೆ ನೀರು ಚಿಮುಕಿಸಿ ರೋಲರ್ ಓಡಿಸಿದ್ದೆವು. ಪೈಪಿನ ಪಕ್ಕಕ್ಕೆ, ಕೆಳಕ್ಕೆ ರೋಲರ್ ಹೋಗುವುದಿಲ್ಲ ಅಲ್ವಾ? ಅಲ್ಲಿ ಕೈಯಿಂದಲೇ ಗುದ್ದಿ ಗಟ್ಟಿ ಮಾಡಬೇಕಿತ್ತು. ಜೆಸಿಬಿಯವರು ಸುಮ್ನೆ ಮಣ್ಣು ಎಳೆದು ಮುಚ್ಚಿದ್ದರು. ಅವತ್ತು ನಾನು ಊರಲ್ಲಿರಲಿಲ್ಲ.

ಮೊದಲ ಮಳೆಗಾಲಕ್ಕೇ ಹೊರಬದಿಯಲ್ಲಿ ಪೈಪಿನ ಸುತ್ತ ನೀರು ಜಿನುಗಿತು. ಮಣ್ಣಿನ ಒಡ್ಡು ಸ್ವಲ್ಪ ಜಿನುಗುತ್ತದೆ ಎಂದು ಬಿಟ್ಟೆ. ಎರಡು ವಾರಕ್ಕೆ ಆ ನೀರು ಕೆಂಪಾಯಿತು. ತಿಳಿನೀರಾದರೆ ಕಣ್ಣಿಟ್ಟು ನೋಡುತ್ತಿರಬಹುದು. ಕೆಂಪು ನೀರು ಬಂತೆಂದರೆ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ. ಬಿಟ್ಟರೆ ಪೈಪಿನ ಗುಂಟ ಬಿಲ ದೊಡ್ಡದಾಗಿ ಒಡ್ಡೇ ಒಡೆಯುತ್ತದೆ.

ರಾತ್ರಿಯಿಡೀ ಎರಡು ಪಂಪ್ ಇಟ್ಟು ನೀರು ಇಳಿಸಿದೆವು. ಕೆಳಗೆ ಪಕ್ಕದವರ ರಾಗಿ ಹೊಲ, ಆ ಚಿಂತೆಯಲ್ಲಿ ನಿದ್ದೆಯೇ ಬರಲಿಲ್ಲ. ಬೇಸಿಗೆಯಲ್ಲಿ ಒಡ್ಡು ಸೀಳಿ ಪೈಪು ಕಿತ್ತೆ, ಜೇಡಿಮಣ್ಣು ತುಂಬಿ ಪದರ ಪದರವಾಗಿ ಗಟ್ಟಿ ಮಾಡಿಸಿದೆ. ಈಗ ಪೈಪು ಒಡ್ಡಿನ ಮೇಲಿಂದ ಹೋಗುತ್ತದೆ. ನೀರನ್ನು ಪಂಪಿನಿಂದ ಎತ್ತಬೇಕು, ಡೀಸೆಲ್ ಖರ್ಚು ಜಾಸ್ತಿ, ಆದರೂ ಒಪ್ಪಿಕೊಂಡೆ.

ಹೆಚ್ಚಾದ ನೀರು ಹರಿದು ಹೋಗುವ ಕೋಡಿ ಅಗಲವಾಗಿರಲಿ. ಒಡ್ಡಿನ ಮೇಲೆ ಮರ ಬೇಡ, ಹುಲ್ಲು ಸಾಕು.

ಇಷ್ಟಾದರೂ ಒಡ್ಡೇ ಯಾಕೆ? ಇಂಗಿದ ನೀರು ಎಲ್ಲೂ ಹೋಗಿಲ್ಲ, ಕೆಳಗಿನ ನಮ್ಮ ಬಾವಿಯಲ್ಲಿ ಏಪ್ರಿಲ್‌ವರೆಗೂ ಇರುತ್ತದೆ. ಹಾಳೆ ಹಳೆಯದಾದರೆ ಮತ್ತೆ ಕೊಳ್ಳುವ ಶಕ್ತಿ ನನಗಿಲ್ಲ, ಜೇಡಿಮಣ್ಣು ನಮ್ಮ ಹೊಲದಲ್ಲೇ ಇದೆ. ಮರಳು ಮಣ್ಣಿನವರು, ಪೇಟೆಯಲ್ಲಿದ್ದು ವಾರಕ್ಕೊಮ್ಮೆ ಬರುವವರು ಹೊಂಡವನ್ನೇ ಮಾಡಿಸಿಕೊಳ್ಳಿ. ನಾನು ಹೇಗೂ ಬೆಳಿಗ್ಗೆ ಆರಕ್ಕೆ ತೋಟದಲ್ಲಿರುತ್ತೇನೆ. ಒಡ್ಡಿನ ಮೇಲೆ ಒಂದು ಸುತ್ತು ಬಂದು, ಏಡಿ ಬಿಲವೋ ಹೆಗ್ಗಣದ ಬಿಲವೋ ಕಂಡರೆ ಅವತ್ತೇ ಮುಚ್ಚುತ್ತೇನೆ.